ವೈಂಡಿಂಗ್ ಸೆಕ್ಷನ್ನಿನ ಕಬಡ್ಡಿ ತಂಡ ಮತ್ತು ಶಕ್ತಿಪುಡಿ

೧೯೮೫ರಲ್ಲಿ ನಾನು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಹೆಸರು ದೊಡ್ಡದು, ಹುದ್ದೆ ಸಣ್ಣದು. ವರ್ಷಕ್ಕೊಮ್ಮೆ ನವೀಕರಿಸಬೇಕಾದ ಒಪ್ಪಂದದ ಕೆಲಸ. ಹಾಜರಿ ಹಾಕುವ ಟೈಮ್ ಆಫೀಸಿಗೂ ಕ್ಯಾಂಟೀನಿಗೂ ನಡುವೆ ಒಂದು ಕೋಣೆ, ಒಂದು ಮಂಚ, ಒಬ್ಬ ನರ್ಸ್. ಮೋಟಾರು ಮತ್ತು ಸಣ್ಣ ಟ್ರಾನ್ಸ್‌ಫಾರ್ಮರ್ ತಯಾರಿಸುವ ಆ ಕಾರ್ಖಾನೆಯಲ್ಲಿ ಆರುನೂರು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ನೂರೈವತ್ತರಷ್ಟು ಹೆಂಗಸರು, ಹೆಚ್ಚುಕಡಿಮೆ ಎಲ್ಲರೂ ವೈಂಡಿಂಗ್ ಸೆಕ್ಷನ್ನಿನವರು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಸುತ್ತು ತಪ್ಪದಂತೆ ಎಣಿಸುತ್ತ ಸುರುಳಿ ಸುತ್ತುವುದು ಅವರ ಕೆಲಸ. ಎಂಟು ಗಂಟೆ ಕತ್ತು ಬಗ್ಗಿಸಿ ಕೂತವರು ಸಂಜೆ ನನ್ನ ಕೋಣೆಗೆ "ಡಾಕ್ಟ್ರಮ್ಮ, ತಲೆನೋವು, ಸೊಂಟನೋವು, ಕಣ್ಣುರಿ" ಎಂದು ಬರುತ್ತಿದ್ದರು. ನಾನು ಮಾತ್ರೆ ಕೊಟ್ಟು ಕಳಿಸುತ್ತಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ಆಡಳಿತವರ್ಗ ಮಹಿಳಾ ಕಬಡ್ಡಿ ತಂಡವೊಂದನ್ನು ಕಟ್ಟಲು ಒಪ್ಪಿತು. ಒಪ್ಪಿತು ಎನ್ನುವುದಕ್ಕಿಂತ ಒಪ್ಪಿಸಲಾಯಿತು ಎನ್ನಬೇಕು. ಕಾಮಾಕ್ಷಿಪಾಳ್ಯದ ಫಿಲೋಮಿನಾ ಎಂಬ ಮೂವತ್ತರ ಹೆಂಗಸು ತೊಂಬತ್ತು ಜನರ ಸಹಿ ಹಾಕಿಸಿದ ಅರ್ಜಿ ಹಿಡಿದು ಮೂರು ವಾರ ಪರ್ಸನಲ್ ಮ್ಯಾನೇಜರರ ಕೋಣೆಯ ಬಾಗಿಲು ಕಾದಿದ್ದಳು. ಗಂಡಸರಿಗೆ ಫುಟ್‌ಬಾಲೂ ಕಬಡ್ಡಿಯೂ ಇತ್ತು, ನಮಗೇನಿದೆ ಎಂಬುದು ಅವಳ ಪ್ರಶ್ನೆ. ಕೊನೆಗೆ ಗೋಡೌನಿನ ಹಿಂದಿನ ಜಾಗವನ್ನು ಅಭ್ಯಾಸಕ್ಕೆ ಕೊಟ್ಟರು. ಹನ್ನೆರಡು ಜನರ ತಂಡ ಆಯ್ಕೆಯಾಯಿತು. ಫಿಲೋಮಿನಾ ನಾಯಕಿ. ವೆಲ್ಫೇರ್ ಆಫೀಸರ್ ನಂಜುಂಡಯ್ಯ ತಂಡದ ಮ್ಯಾನೇಜರು.

ಆಟಗಾರ್ತಿಯರ ಆರೋಗ್ಯ ತಪಾಸಣೆ ನನ್ನ ಪಾಲಿಗೆ ಬಂತು. ಹನ್ನೆರಡು ಜನರ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡಿದೆ. ಆರೋಗ್ಯವಂತ ಹೆಂಗಸಿಗೆ ಹನ್ನೆರಡು ಗ್ರಾಮಿನ ಮೇಲಿರಬೇಕಾದ ಅಂಕಿ ಇವರಲ್ಲಿ ಒಬ್ಬರಿಗೂ ಹತ್ತು ದಾಟಿರಲಿಲ್ಲ. ಇಬ್ಬರಿಗೆ ಎಂಟು. ಬೆಳಿಗ್ಗೆ ಏನು ತಿಂದಿರಿ ಎಂದು ಸಾಲಾಗಿ ಕೇಳಿದೆ. ಕಾಫಿ, ಕಾಫಿ, ಕಾಫಿ ಬನ್ನು, ನಿನ್ನೆಯ ಮುದ್ದೆಯ ಚೂರು, ಕಾಫಿ. ಮನೆಯವರಿಗೆಲ್ಲ ಬೇಯಿಸಿ ಬಡಿಸಿ, ತಳ ಕೆರೆದು ಉಂಡು, ಬಸ್ಸು ಹಿಡಿದು ಬರುವವರು ಅವರು. ನಾನು ಟಿಪ್ಪಣಿ ಬರೆದೆ: ಗಂಡಸರ ತಂಡಕ್ಕೆ ಅಭ್ಯಾಸದ ದಿನ ಕ್ಯಾಂಟೀನಿನಿಂದ ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು ಹೋಗುತ್ತಿದೆ, ಮಹಿಳಾ ತಂಡಕ್ಕೂ ಅದನ್ನೇ ಕೊಡಬೇಕು, ಜೊತೆಗೆ ಮೊಳಕೆ ಕಾಳು. ಸ್ನಾಯು ಬೆಳೆಯಲು, ಆಡಿ ದಣಿದ ಮೈ ಚೇತರಿಸಿಕೊಳ್ಳಲು ಪ್ರೋಟೀನ್ ಬೇಕೇ ಬೇಕು. ಅದು ಗಂಡು ಹೆಣ್ಣು ನೋಡುವುದಿಲ್ಲ.

ಟಿಪ್ಪಣಿಗೆ ಉತ್ತರವಾಗಿ ನಂಜುಂಡಯ್ಯನೇ ಬಂದ. ಐವತ್ತು ದಾಟಿದ, ಹಣೆಗೆ ವಿಭೂತಿ ಇಟ್ಟುಕೊಂಡ, ಎಲ್ಲರನ್ನೂ ನಗಿಸುವ ಮನುಷ್ಯ. ಕೈಯಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ.

"ಮೊಟ್ಟೆ ಹಾಲು ಎಲ್ಲ ಈ ವರ್ಷ ಆಗಲ್ಲ ಡಾಕ್ಟ್ರೇ. ಆದ್ರೆ ನಾನು ಸುಮ್ನೆ ಬಿಡ್ತೀನಾ? ಕೆಂಗೇರೀಲಿ ಒಬ್ಬರು ಪಂಡಿತರಿದಾರೆ. ಅವರ ಹತ್ರ ಅಶ್ವಗಂಧ, ಶತಾವರಿ ತಂದು, ಹುರಿಗಡಲೆ ಹಿಟ್ಟು, ಹಾಲಿನ ಪುಡಿ ಬೆರೆಸಿ ಮಾಡ್ಸಿದೀನಿ. ಶಕ್ತಿಪುಡಿ. ದಿನಾ ಎರಡು ಚಮಚ. ನೀವೊಂದು ಸಹಿ ಹಾಕ್ಬಿಡಿ."

ನಾನು ಮೂಸಿ ನೋಡಿದೆ. ಅಶ್ವಗಂಧಕ್ಕೆ ಆ ಹೆಸರು ಬಂದದ್ದೇ ಅದರ ಕುದುರೆ ಮೈಯಂಥ ವಾಸನೆಯಿಂದ; ಅದು ಅಲ್ಲಿತ್ತು. ಚಿಟಿಕೆ ನಾಲಿಗೆಗೆ ಹಾಕಿಕೊಂಡೆ. ಹುರಿಗಡಲೆ, ಹಾಲು, ಕಹಿ. ಬೇರು ಬೇಳೆಯಿಂದ ಏನು ಕೇಡು ಎಂದುಕೊಂಡು ಅವನ ಕಾಗದದ ಮೇಲೆ "ಆಕ್ಷೇಪಣೆ ಇಲ್ಲ" ಎಂದು ಬರೆದು ಸಹಿ ಮಾಡಿದೆ. ಮುಂದೆ ನಡೆದದ್ದನ್ನೆಲ್ಲ ಹೇಳುವಾಗ ಆ ಸಹಿಯನ್ನು ನಾನು ಮರೆಮಾಚಲಾರೆ.

ಜುಲೈ ಮೊದಲ ವಾರ ಪುಡಿ ಶುರುವಾಯಿತು. ಆಗಸ್ಟ್ ಮುಗಿಯುವುದರೊಳಗೆ ತಂಡದ ಚಹರೆಯೇ ಬದಲಾಗಿತ್ತು. ನಾನು ಸಂಜೆ ಮನೆಗೆ ಹೊರಡುವಾಗ ಗೋಡೌನಿನ ಹಿಂದೆ ನಿಂತು ನೋಡುತ್ತಿದ್ದೆ. ತೋಳುಗಳು ತುಂಬಿಕೊಂಡಿದ್ದವು. ಒಂದು ಗಂಟೆ ಆಡಿ ಮರುದಿನ ಮೈಕೈ ನೋವೆಂದು ಬರುತ್ತಿದ್ದವರು ಈಗ ಬರುತ್ತಿರಲಿಲ್ಲ. ಅವರಲ್ಲೆಲ್ಲ ಎದ್ದು ಕಾಣುತ್ತಿದ್ದವಳು ಸಿದ್ಧಗಂಗಾ. ಎಲ್ಲರಿಗೂ ಗಂಗಾ. ಇಪ್ಪತ್ತೆರಡು ವರ್ಷ, ಹೇರೋಹಳ್ಳಿಯವಳು. ಅಪ್ಪ ಕಲ್ಲು ಒಡೆಯುವವನು. ಅಲ್ಲಿಂದ ಮಾಗಡಿ ರಸ್ತೆಯ ಹೊಂಡಗಳಲ್ಲಿ ಅಣ್ಣನ ಹಳೆಯ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಬರುತ್ತಿದ್ದಳು. ಲಂಗವನ್ನು ಎತ್ತಿ ಸಿಕ್ಕಿಸಿ ಗಂಡಸರ ಸೈಕಲ್ ಹೊಡೆಯುವ ಹುಡುಗಿಯನ್ನು ನೋಡಲು ಮೊದಮೊದಲು ಗೇಟಿನಲ್ಲಿ ಜನ ನಿಲ್ಲುತ್ತಿದ್ದರಂತೆ. "ನಿಂತ್ಕೊಳ್ಳಿ, ನಂಗೇನು? ಬಸ್ಸು ನಮ್ಮೂರಿಗೆ ನೆಟ್ಟಗೆ ಬಂದಿದ್ರೆ ನಾನ್ಯಾಕೆ ತುಳೀತಿದ್ದೆ," ಎನ್ನುತ್ತಿದ್ದಳು.

ಗಂಗಾ ತಂಡದ ರೈಡರ್. ಎದುರಾಳಿಗಳ ಅಂಕಣಕ್ಕೆ ಒಬ್ಬಳೇ ನುಗ್ಗಿ, ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ, ಮುಟ್ಟಿ ವಾಪಸು ಬರುವವಳು. ಸೆಪ್ಟೆಂಬರಿನಲ್ಲಿ ಒಂದು ಪಂದ್ಯಾವಳಿ, ಅಕ್ಟೋಬರಿನಲ್ಲಿ ಇನ್ನೊಂದು, ಎರಡನ್ನೂ ತಂಡ ಗೆದ್ದಿತು. ಟೈಮ್ ಆಫೀಸಿನ ಗಾಜಿನ ಬೀರುವಿನಲ್ಲಿ ಗಂಡಸರ ಕಪ್‌ಗಳ ಪಕ್ಕ ಇವರ ಎರಡು ಕಪ್ ಕೂತವು. ನಾನೂ ಹೆಮ್ಮೆಪಟ್ಟೆ. ಪುಡಿಯ ಎರಡನೆಯ ಡಬ್ಬಿ ಬಂದಾಗ ಮೂಸಿಯೂ ನೋಡಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಗಂಗಾ ಗಂಟಲು ಕಟ್ಟಿದೆಯೆಂದು ಬಂದಳು. ಕೆಮ್ಮಿನ ಔಷಧಿ ಕೊಟ್ಟೆ. ಹತ್ತು ದಿನ ಬಿಟ್ಟು ಮತ್ತೆ ಬಂದಳು. ಇನ್ನೊಂದು ಔಷಧಿ ಕೊಟ್ಟೆ. ನವೆಂಬರ್ ಮಧ್ಯದಲ್ಲಿ ಮೂರನೆಯ ಸಲ ಬಂದಾಗ ಊಟದ ಬೆಲ್ ಹೊಡೆದಿತ್ತು. ನರ್ಸನ್ನು ಹೊರಗೆ ಕಳಿಸಲು ಹೇಳಿ, ಬಾಗಿಲು ತಾನೇ ಮುಚ್ಚಿದಳು. ಸೆರಗನ್ನು ಗದ್ದದಿಂದ ಕೆಳಗಿಳಿಸಿದಳು. ದವಡೆಯ ಉದ್ದಕ್ಕೂ ಕಪ್ಪು ಕೂದಲು. ಕೆನ್ನೆಯ ಮೇಲೆ ದಪ್ಪ ಮೊಡವೆಗಳು.

"ಡಾಕ್ಟ್ರಮ್ಮ, ಇದು ಗಂಟಲಲ್ಲ," ಎಂದಳು. ಧ್ವನಿ ಅವಳ ಅಣ್ಣನದಿರಬೇಕು ಎನ್ನುವಷ್ಟು ದಪ್ಪ. "ಮೂರು ತಿಂಗಳಿಂದ ಮುಟ್ಟೂ ಆಗಿಲ್ಲ. ನಮ್ಮವ್ವ ದಿನಾ ಹೊಟ್ಟೆ ನೋಡ್ತಾಳೆ. ನಾನು ಅಂಥವಳಲ್ಲ ಅಂದ್ರೆ ನಂಬಲ್ಲ. ನಂಗೇನಾಗ್ತಿದೆ?"

ಗರ್ಭವಲ್ಲ ಎಂದು ಪರೀಕ್ಷೆ ಹೇಳಿತು. ಅಂಡಾಶಯದಲ್ಲಿ ಅಥವಾ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ ಹೀಗೆ ಗಂಡಿನ ಹಾರ್ಮೋನು ಹೆಚ್ಚಾಗುವುದುಂಟು. ಹೆದರಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಗಡ್ಡೆ ಇಲ್ಲವೆಂದು ಬರೆದು ಕಳಿಸಿದರು. ಹಾಗಾದರೆ ಏನು ಎಂದು ತಲೆ ಕೆಡಿಸಿಕೊಂಡು ಕೂತಿದ್ದಾಗ ಫಿಲೋಮಿನಾ ಮೊಡವೆಗೆ ಮುಲಾಮು ಕೇಳಿಕೊಂಡು ಬಂದಳು. ಮೂವತ್ತರ ಹೆಂಗಸಿಗೆ ಹದಿನಾರರ ಹುಡುಗನಂಥ ಮೊಡವೆ. ಮುಟ್ಟಿನ ವಿಷಯ ಕೇಳಿದೆ. "ಎರಡು ತಿಂಗಳಿಂದ ಇಲ್ಲ ಡಾಕ್ಟರ್. ಆಟ ಜಾಸ್ತಿ ಆಡಿದ್ರೆ ನಿಲ್ಲುತ್ತೆ ಅಂತ ನಂಜುಂಡಯ್ಯ ಸಾರ್ ಹೇಳಿದ್ರಲ್ಲ?" ಎಂದಳು.

ಹೆಂಗಸರ ಮುಟ್ಟಿನ ಬಗ್ಗೆ ನಂಜುಂಡಯ್ಯ ಯಾಕೆ ಮೊದಲೇ ಹೇಳಿಟ್ಟಿದ್ದ? ಆವತ್ತೇ ಹನ್ನೆರಡೂ ಜನರನ್ನು ಕರೆಸಿದೆ. ಏಳು ಜನರಿಗೆ ಒಂದಲ್ಲ ಒಂದು ಲಕ್ಷಣವಿತ್ತು. ಪುಡಿಯನ್ನು ಹೇಳಿದಷ್ಟೇ ತಿಂದವರಿಗೆ ಕಡಿಮೆ, ಹೆಚ್ಚು ತಿಂದವರಿಗೆ ಹೆಚ್ಚು. ಗಂಗಾ ದಿನಕ್ಕೆ ನಾಲ್ಕು ಚಮಚ ತಿನ್ನುತ್ತಿದ್ದಳು. "ಬೆಳಿಗ್ಗೆ ಬೇರೆ ಏನೂ ಇರಲ್ವಲ್ಲ ಡಾಕ್ಟ್ರಮ್ಮ, ಹೊಟ್ಟೆ ತುಂಬ್ತಿತ್ತು," ಎಂದಳು.

ನನ್ನ ಜೊತೆ ಪಿ.ಯು.ಸಿ. ಓದಿದ ವತ್ಸಲಾ ಒಂದು ಫಾರ್ಮಸಿ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದಳು. ಡಬ್ಬಿಯ ತಳದ ಪುಡಿಯನ್ನು ಕಾಗದದಲ್ಲಿ ಕಟ್ಟಿ ಅವಳಿಗೆ ಕೊಟ್ಟೆ. ಅವಳು ಮಾಡಿದ್ದು ಕ್ರೊಮಟೋಗ್ರಫಿ ಎಂಬ ಪರೀಕ್ಷೆ. ಪುಡಿಯನ್ನು ದ್ರಾವಕದಲ್ಲಿ ಕರಗಿಸಿ ಗಾಜಿನ ಫಲಕದ ಮೇಲೆ ಹನಿ ಇಟ್ಟರೆ, ಅದರಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತದೆ. ಪಕ್ಕದಲ್ಲಿ ಗೊತ್ತಿರುವ ಔಷಧಿಯ ಹನಿಯನ್ನೂ ಇಟ್ಟು ಎತ್ತರ ಹೋಲಿಸಬೇಕು. ವತ್ಸಲಾ ಪಕ್ಕದಲ್ಲಿಟ್ಟದ್ದು ಅನಾಬೋಲಿಕ್ ಸ್ಟಿರಾಯ್ಡ್ ಮಾತ್ರೆಯ ಹನಿ. ಅಂದರೆ ಗಂಡಸಿನ ಹಾರ್ಮೋನಿನಿಂದ ತಯಾರಾದ, ಸ್ನಾಯು ಬೆಳೆಸುವ ಮಾತ್ರೆ. ಎರಡೂ ಚುಕ್ಕೆಗಳು ಒಂದೇ ಗೆರೆಯಲ್ಲಿ ನಿಂತಿದ್ದವು.

"ಮೂರು ಸಲ ಮಾಡ್ದೆ ಕಣೇ, ಮೂರು ಸಲಾನೂ ಅದೇ. ಯಾರಿಗೆ ತಿನ್ನಿಸ್ತಿದೀರ ಇದನ್ನ?" ಎಂದಳು. ತಿನ್ನಿಸಲು ಸಹಿ ಹಾಕಿದವಳು ನಾನೇ ಎಂದು ಆಗ ಅವಳಿಗೆ ಹೇಳಲಾಗಲಿಲ್ಲ.

ಭಾನುವಾರ ಮೈಸೂರು ರಸ್ತೆಯ ಬಸ್ಸು ಹಿಡಿದು ಕೆಂಗೇರಿಗೆ ಹೋದೆ. ಪಂಡಿತನೇ ಕಳ್ಳನೆಂದು ನಿರ್ಧರಿಸಿಕೊಂಡೇ ಹೋಗಿದ್ದೆ. ಚನ್ನಬಸಪ್ಪನವರು ಎಪ್ಪತ್ತರ ಮುದುಕರು. ಜಗುಲಿಯ ಮೇಲೆ ಬೇರು ಒಣಗಿಸುತ್ತ ಕೂತಿದ್ದರು. ನಾನು ಡಬ್ಬಿಯ ಪುಡಿಯನ್ನು ಮುಂದಿಟ್ಟು ಜೋರಾಗಿಯೇ ಮಾತಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಒಳಗಿನಿಂದ ತಮ್ಮ ಪುಡಿ ತಂದು ಪಕ್ಕದಲ್ಲಿ ಸುರಿದರು. ಮಣ್ಣಿನ ಬಣ್ಣ, ನಾರು ನಾರು.

"ನಾನು ಕೊಟ್ಟಿದ್ದು ಇದು. ಮಿಕ್ಕಿದ್ದು ನಾವೇ ಬೆರೆಸ್ಕೋತೀವಿ ಅಂದ್ರು ನಿಮ್ಮವರು. ಒಂದು ಮಾತು ಹೇಳ್ತೀನಿ ತಾಯಿ. ಬೇರು ಕೆಲಸ ಮಾಡೋದು ನಿಧಾನ. ಉಣ್ಣೋ ಅನ್ನ ನೆಟ್ಟಗಿದ್ರೆ ಮಾತ್ರ ಅದೂ ಸ್ವಲ್ಪ ಕೈ ಹಿಡಿಯುತ್ತೆ. ಆರು ವಾರಕ್ಕೆ ತೋಳು ಬಂತು ಅಂದ್ರೆ ಅದು ಬೇರಿನ ಕೆಲಸ ಅಲ್ಲ. ನೀವು ಓದಿದವರು, ಅಷ್ಟು ಅನುಮಾನ ಬರಲಿಲ್ವಾ?"

ಅವರ ಪುಡಿಯನ್ನೂ ತಂದು ವತ್ಸಲಾಗೆ ಕೊಟ್ಟೆ. ಅದರಲ್ಲಿ ಬೇರು ಬಿಟ್ಟು ಏನೂ ಇರಲಿಲ್ಲ.

ಸೋಮವಾರ ನಂಜುಂಡಯ್ಯನನ್ನು ಕೋಣೆಗೆ ಕರೆಸಿದೆ. ಅವನು ಅಲ್ಲಗಳೆಯಲಿಲ್ಲ. ಅದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು. "ವಿಷ ಏನಲ್ಲವಲ್ಲ ಡಾಕ್ಟ್ರೇ? ಔಷಧಿ ಅಂಗಡೀಲಿ ಸಿಗೋ ಮಾತ್ರೆ. ಮಕ್ಕಳಿಗೂ ಕೊಡ್ತಾರೆ, ಹಸಿವಾಗ್ಲಿ, ಮೈ ಕೈ ತುಂಬ್ಕೊಳ್ಲಿ ಅಂತ. ನಮ್ಮ ಗಂಡಸರ ತಂಡಕ್ಕೂ ಹಾಕಿದ್ದೆ, ಏನಾಯ್ತು ಅವರಿಗೆ? ಇನ್ನೆರಡು ವಾರ ಇದೆ, ಕಪ್ ಬರಲಿ. ಆಮೇಲೆ ನಿಲ್ಲಿಸೋಣ."

ಆ ಕಾಲದಲ್ಲಿ ಅಂಥ ಮಾತ್ರೆಯನ್ನು ಟಾನಿಕ್ಕಿನಂತೆ ಬರೆದುಕೊಡುವ ವೈದ್ಯರಿದ್ದರು ಎಂಬುದು ನಿಜ. ಆದರೂ ಹೆಣ್ಣುಮಕ್ಕಳಿಗೆ ಹೇಳದೆ ತಿನ್ನಿಸಿದ್ದ. ನಾನು ಡಬ್ಬಿಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹುಡುಗಿಯರಿಗೆ ಪುಡಿ ನಿಲ್ಲಿಸಿ, ಅದರಲ್ಲೇ ದೋಷವಿದೆ ಎಂದೆ. ಏನು ದೋಷ ಎಂದು ಪೂರ್ತಿ ಹೇಳಲಿಲ್ಲ. ಪಂದ್ಯ ಮುಗಿಯಲಿ, ಆಮೇಲೆ ಬರವಣಿಗೆಯಲ್ಲಿ ವರದಿ ಕೊಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಇಂದು ಹಿಂತಿರುಗಿ ನೋಡಿದರೆ ನನ್ನ ಮಾತಿಗೂ ನಂಜುಂಡಯ್ಯನ ಮಾತಿಗೂ ಹೆಚ್ಚು ಅಂತರವಿರಲಿಲ್ಲ. ಒಪ್ಪಂದ ಮಾರ್ಚಿನಲ್ಲಿ ನವೀಕರಣವಾಗಬೇಕಿತ್ತು, ವರದಿಯಲ್ಲಿ ನನ್ನ ಸಹಿಯ ವಿಷಯವೂ ಬರುತ್ತಿತ್ತು.

ಡಿಸೆಂಬರಿನ ಮೂರನೆಯ ವಾರ ವಿಜಯನಗರದ ಒಂದು ಮೈದಾನದಲ್ಲಿ ಕಾರ್ಖಾನೆಗಳ ನಡುವಿನ ಪಂದ್ಯಾವಳಿ. ಸೆಮಿಫೈನಲ್ ದಿನ ನಾನೂ ಹೋಗಿದ್ದೆ. ಗಂಗಾ ಅಂಕಣಕ್ಕಿಳಿದು ಕಬಡ್ಡಿ ಕಬಡ್ಡಿ ಎಂದ ಕೂಡಲೇ ಜನರ ನಡುವಿನಿಂದ ನಗು ಎದ್ದಿತು. ಎರಡನೆಯ ರೈಡಿಗೆ ಒಬ್ಬ ಕೂಗಿದ: "ಗುರು, ಇದು ಗಂಡು ಕಣೋ! ಸೀರೆ ಉಡಿಸಿ ಕರ್ಕೊಂಡ್ ಬಂದವ್ರೆ!" ಶಿಳ್ಳೆ, ಕೇಕೆ. ಗಂಗಾ ಉಸಿರು ಬಿಡಲಿಲ್ಲ. ಮೂವರನ್ನು ಮುಟ್ಟಿ ವಾಪಸಾದಳು. ಆ ದಿನ ತಂಡದ ಅಂಕಗಳಲ್ಲಿ ಅರ್ಧ ಅವಳೊಬ್ಬಳದೇ. ಗೆದ್ದರು. ಗೆದ್ದು ಹತ್ತು ನಿಮಿಷವಾಗುವುದರೊಳಗೆ ಎದುರು ತಂಡದ ಮ್ಯಾನೇಜರು ಲಿಖಿತ ಆಕ್ಷೇಪಣೆ ಕೊಟ್ಟ: ಈ ಆಟಗಾರ್ತಿ ಹೆಣ್ಣಲ್ಲ. ಸಮಿತಿ ತೀರ್ಮಾನಿಸಿತು: ಭಾನುವಾರದ ಫೈನಲ್ಲಿಗೆ ಮುಂಚೆ ವೈದ್ಯರಿಂದ ಸರ್ಟಿಫಿಕೇಟ್ ತರಬೇಕು.

ಮರುದಿನ ಪರ್ಸನಲ್ ಮ್ಯಾನೇಜರು ನನ್ನನ್ನು ಕರೆಸಿದರು. ಸಭ್ಯರು, ಮೆಲುಮಾತಿನವರು. ಪುಡಿಯ ವಿಷಯ ನಂಜುಂಡಯ್ಯನಿಂದ ಅವರಿಗೆ ತಲುಪಿತ್ತು.

"ಸಿಂಪಲ್ ಕೆಲಸ ಡಾಕ್ಟರ್. ಆ ಹುಡುಗೀನ ಎಕ್ಸಾಮಿನ್ ಮಾಡಿ, 'ಈಕೆ ಸ್ತ್ರೀ' ಅಂತ ಒಂದು ಸಾಲು. ಬೇರೆ ಯಾವ ವಿಷಯವೂ ಅದರಲ್ಲಿ ಬೇಡ. ಅಪ್ರೂವ್ ಮಾಡಿರೋದು ನೀವೇ, ನೆನಪಿದೆ ತಾನೆ?"

ನಾನು ಆಗಲಿ ಎಂದೆ. ಹೌದು, ಎಂದೆ. ಒಂದು ಸಾಲಿನಿಂದ ಗಂಗಾಳ ಮಾನವೂ ಉಳಿಯುತ್ತದೆ, ಎಲ್ಲವೂ ತಣ್ಣಗಾಗುತ್ತದೆ ಎನಿಸಿತು. ಲೆಟರ್‌ಹೆಡ್ ತೆಗೆದಿಟ್ಟು, ಮಂಚದ ಸುತ್ತ ಪರದೆ ಎಳೆದು ಗಂಗಾಳನ್ನು ಕರೆಸಿದೆ. ಅವಳು ಫಿಲೋಮಿನಾಳನ್ನೂ ಕರೆದುಕೊಂಡು ಬಂದಳು.

"ಐದು ನಿಮಿಷ ಗಂಗಾ. ಬಟ್ಟೆ ಸಡಿಲ ಮಾಡ್ಕೊಂಡು ಮಲಕ್ಕೋ. ನೋಡಿ ಬರೆದುಕೊಟ್ಟುಬಿಡ್ತೀನಿ."

ಅವಳು ನಿಂತಲ್ಲಿಂದ ಅಲುಗಲಿಲ್ಲ.

"ಏನ್ ನೋಡ್ತೀರ ಡಾಕ್ಟ್ರಮ್ಮ?"

"ಸಮಿತಿಯವರು ಕೇಳಿದಾರೆ. ಹೆಣ್ಣು ಅಂತ..."

"ನಾನು ಹೆಣ್ಣು ಅಂತ ನಂಗೊತ್ತು, ನಿಮಗ್ಗೊತ್ತು. ಕೂಗಿದನಲ್ಲ, ಅವನಿಗೂ ಗೊತ್ತು. ಅವನು ಕೂಗ್ದ ಅಂತ ನಾನು ಬಟ್ಟೆ ಬಿಚ್ಚಬೇಕಾ? ನಾನು ಮಲಗಲ್ಲ."

"ಇಲ್ಲದಿದ್ದರೆ ಫೈನಲ್ ಆಡೋಕೆ ಬಿಡಲ್ಲ ಗಂಗಾ."

"ಬಿಡಬೇಡಿ. ನನ್ನ ಧ್ವನಿ ಯಾಕೆ ಹಿಂಗಾಯ್ತು ಅಂತ ಮೊದ್ಲು ಹೇಳಿ. ಪುಡೀಲಿ ದೋಷ ಅಂದ್ರಿ. ಏನು ದೋಷ? ಹತ್ತು ದಿನದಿಂದ ಕಾಯ್ತಾ ಇದೀನಿ, ನೀವಾಗೇ ಹೇಳ್ತೀರ ಅಂತ."

ನಾನು ಹೇಳಿದೆ. ಮಾತ್ರೆಯ ಹೆಸರು, ಅದು ಮಾಡುವ ಕೆಲಸ, ವತ್ಸಲಾಳ ಚುಕ್ಕೆಗಳು, ನನ್ನ ಸಹಿ, ಎಲ್ಲವನ್ನೂ. ಮುಟ್ಟು ಕೆಲವು ತಿಂಗಳಲ್ಲಿ ಮರಳುತ್ತದೆ ಎಂದೆ. ಧ್ವನಿ ಬಹುಶಃ ಮರಳುವುದಿಲ್ಲ ಎಂದೆ. ಫಿಲೋಮಿನಾ ಕುರ್ಚಿಯಲ್ಲಿ ಕುಸಿದು ಕೂತಳು. ಗಂಗಾ ಅಳಲಿಲ್ಲ.

"ಅಂದ್ರೆ ಅವನು ನಮ್ಮನ್ನ ಕೇಳ್ದೆ ನಮ್ಮೊಳಗೆ ಇಳಿಸ್ದ. ನೀವೂ ಕೇಳ್ದೆ ಸಹಿ ಹಾಕಿದ್ರಿ. ಈಗ ಸಮಿತಿಯವರೂ ನನ್ನ ಕೇಳ್ದೆ ನನ್ನ ಮೈ ನೋಡಬೇಕು ಅಂತಾರೆ. ನಾನು ಅನ್ನೋಳು ಒಬ್ಳು ಇದೀನಿ ಅಂತ ಯಾರಿಗಾದ್ರೂ ಗ್ಯಾಪ್ಕ ಇದ್ಯಾ?"

ಫಿಲೋಮಿನಾ ಎದ್ದಳು. "ಡಾಕ್ಟರ್, ಆ ಸರ್ಟಿಫಿಕೇಟ್ ಬರೀಬೇಡಿ. ಬರೆಯೋದಾದ್ರೆ ಹನ್ನೆರಡು ಜನಕ್ಕೂ ಬರೀರಿ. ಆಮೇಲೆ ನಮ್ಮ ಗಂಡಸರ ಟೀಮಿಗೂ ಬರೀರಿ, ಅವರು ಗಂಡಸರು ಅಂತ. ಅವರೂ ಒಬ್ಬೊಬ್ಬರಾಗಿ ಬಂದು ಈ ಮಂಚದ ಮೇಲೆ ಮಲಗ್ಲಿ. ನಾವು ಹೊರಗೆ ಶಿಳ್ಳೆ ಹೊಡೀತೀವಿ."

ಮಧ್ಯಾಹ್ನದ ಹೊತ್ತಿಗೆ ಈ ಮಾತು ವೈಂಡಿಂಗ್ ಸೆಕ್ಷನ್ನಿನ ಎಲ್ಲ ಮೇಜುಗಳನ್ನೂ ದಾಟಿತ್ತು. ನಾನು ಪರದೆ ಸರಿಸಿ, ಅದೇ ಲೆಟರ್‌ಹೆಡ್ಡಿನ ಮೇಲೆ ಬೇರೆಯದೇ ಬರೆಯಲು ಕೂತೆ. ಒಂದೂವರೆ ಪುಟವಾಯಿತು. ಪುಡಿಯಲ್ಲಿ ಏನಿತ್ತು, ಯಾರು ಬೆರೆಸಿದರು, ಅದನ್ನು ಪರೀಕ್ಷಿಸದೆ ಒಪ್ಪಿಗೆ ಕೊಟ್ಟವಳು ನಾನು, ಆಟಗಾರ್ತಿಯರಿಗೆ ಇದಾವುದೂ ತಿಳಿದಿರಲಿಲ್ಲ. ಕೊನೆಯಲ್ಲಿ: "ಲಿಂಗ ಪರೀಕ್ಷೆಗೆ ಆಟಗಾರ್ತಿ ನಿರಾಕರಿಸಿದ್ದಾರೆ. ಅದಕ್ಕೆ ವೈದ್ಯಕೀಯ ಕಾರಣವೂ ಇಲ್ಲವಾದ್ದರಿಂದ ನಾನೂ ನಿರಾಕರಿಸಿದ್ದೇನೆ." ಒಂದು ಪ್ರತಿಯನ್ನು ಔಷಧ ನಿಯಂತ್ರಣದ ಕಚೇರಿಗೆ ಅಂಚೆಗೆ ಹಾಕಿದ ಮೇಲೆಯೇ ಇನ್ನೊಂದನ್ನು ಪರ್ಸನಲ್ ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಇದನ್ನ ವಾಪಸ್ ತಗೊಳ್ಳೋಕೆ ಸಾಯಂಕಾಲದವರೆಗೆ ಟೈಮ್ ಇದೆ ಡಾಕ್ಟರ್," ಎಂದರು. "ಬೇಡ ಸಾರ್," ಎಂದೆ.

ಭಾನುವಾರ ಹನ್ನೆರಡೂ ಜನ ಸಮವಸ್ತ್ರ ತೊಟ್ಟು ವಿಜಯನಗರದ ಮೈದಾನಕ್ಕೆ ಬಂದರು. ಜನ ಸೆಮಿಫೈನಲ್ಲಿಗಿಂತ ಹೆಚ್ಚಿದ್ದರು, ಸುದ್ದಿ ಹಬ್ಬಿತ್ತು. ಸಮಿತಿಯ ಮೇಜಿನ ಮೇಲೆ ಒಂದು ಮೈಕ್. ಅಧ್ಯಕ್ಷರು ಸರ್ಟಿಫಿಕೇಟ್ ಕೇಳಿದರು. ನಾನು ನನ್ನ ಪತ್ರ ಕೊಟ್ಟೆ. ಅವರು ಎರಡು ಸಲ ಓದಿ, ಪಕ್ಕದವರಿಗೆ ದಾಟಿಸಿ, ಏನು ಮಾಡಬೇಕೆಂದು ತೋಚದೆ ಕೂತರು. ಔಷಧಿ ತಿಂದು ಆಡಿದವರ ಬಗ್ಗೆ ಅವರ ನಿಯಮದ ಪುಸ್ತಕದಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಗಂಗಾ ಮೇಜಿನ ಹತ್ತಿರ ಹೋಗಿ ಮೈಕ್ ತನ್ನ ಕಡೆ ತಿರುಗಿಸಿಕೊಂಡಳು.

"ನನ್ನ ಧ್ವನಿ ಕೇಳಿ ಮೊನ್ನೆ ನಕ್ಕಿರಿ. ಇವತ್ತು ಚೆನ್ನಾಗಿ ಕೇಳಿಸ್ಕೊಳ್ಳಿ," ಎಂದಳು. ಆ ದಪ್ಪ ಧ್ವನಿ ಮೈದಾನದ ಅಂಚಿನವರೆಗೂ ಹೋಯಿತು. ಒಬ್ಬರೂ ನಗಲಿಲ್ಲ. "ನಮ್ಮ ಟೀಮಿಗೆ ಗೊತ್ತಿಲ್ದಂಗೆ ಔಷಧಿ ತಿನ್ನಿಸಿದ್ರು. ಅದರ ಬಲದಲ್ಲಿ ಗೆದ್ದಿದೀವಿ. ಅದು ಎದುರು ಟೀಮಿನ ಹುಡುಗೀರಿಗೆ ಮಾಡಿದ ಮೋಸ. ಅದನ್ನ ಒಪ್ಕೋತೀವಿ, ಮೊನ್ನೆ ಗೆದ್ದಿದ್ದನ್ನ ವಾಪಸ್ ಕೊಡ್ತೀವಿ, ಫೈನಲ್ ಅವರೇ ಆಡ್ಲಿ. ಆದ್ರೆ ನಾನು ಹೆಣ್ಣಲ್ಲ ಅಂದ್ರಲ್ಲ, ಅದನ್ನ ಒಪ್ಪಲ್ಲ. ಅದಕ್ಕೆ ಸಾಕ್ಷೀನೂ ಕೊಡಲ್ಲ. ಬೇಕಾದ್ರೆ ನೀವೇ ಸಾಕ್ಷಿ ತನ್ನಿ."

ಹನ್ನೆರಡು ಜನ ಸಾಲಾಗಿ ನಡೆದು ಮೈದಾನ ದಾಟಿದರು. ಸೆಮಿಫೈನಲ್ಲಿನಲ್ಲಿ ಸೋತಿದ್ದ ತಂಡದ ಹುಡುಗಿಯರು ಎದ್ದು ನಿಂತಿದ್ದರು. ಅವರ ನಾಯಕಿ ಓಡಿ ಬಂದು ಗಂಗಾಳ ಕೈ ಹಿಡಿದು ಏನೋ ಹೇಳಿದಳು. ಏನೆಂದು ನಾನು ಆಮೇಲೆ ಕೇಳಿದ್ದಕ್ಕೆ ಗಂಗಾ, "ನಮ್ಮ ಮ್ಯಾನೇಜರೂ ಏನೋ ಪುಡಿ ಕೊಡ್ತಾನೆ, ಹೆಂಗೆ ಟೆಸ್ಟ್ ಮಾಡಿಸೋದು ಅಂತ ಕೇಳಿದ್ಳು," ಎಂದಳು.

ಕಾರ್ಖಾನೆಯಲ್ಲಿ ಜಗಳ ಅಲ್ಲಿಗೆ ಮುಗಿಯಲಿಲ್ಲ. ಗಂಡಸರಿಗೆ ಕೊಡುವ ಮೊಟ್ಟೆ ಹಾಲು ತಮಗೂ ಬರುವ ತನಕ ಅಂಗಳಕ್ಕೆ ಇಳಿಯುವುದಿಲ್ಲ ಎಂದು ತಂಡ ಪಟ್ಟು ಹಿಡಿಯಿತು. ವೈಂಡಿಂಗ್ ಸೆಕ್ಷನ್ನಿನ ಹೆಂಗಸರೆಲ್ಲ ಒಂದು ದಿನ ಕ್ಯಾಂಟೀನಿನಲ್ಲಿ ಊಟ ಮಾಡದೆ ಖಾಲಿ ತಟ್ಟೆಯ ಮುಂದೆ ಕೂತರು. ಜನವರಿ ಕೊನೆಯಲ್ಲಿ ಆದೇಶ ಹೊರಟಿತು: ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, ಮೊಳಕೆ ಹುರುಳಿ. ನಂಜುಂಡಯ್ಯನನ್ನು ಸ್ಟೋರ್ಸಿಗೆ ವರ್ಗ ಮಾಡಿದರು. ಔಷಧ ನಿಯಂತ್ರಣದ ಕಚೇರಿಯಿಂದ ನನಗೆ ಉತ್ತರ ಬರಲೇ ಇಲ್ಲ. ಮಾರ್ಚಿನಲ್ಲಿ ನನ್ನ ಒಪ್ಪಂದ ನವೀಕರಣವಾಗಲಿಲ್ಲ. ಬಸವೇಶ್ವರನಗರದಲ್ಲಿ ಒಂದು ಅಂಗಡಿ ಮಳಿಗೆ ಹಿಡಿದು ಸ್ವಂತ ಕ್ಲಿನಿಕ್ ತೆರೆದೆ. ಮೊದಲ ವಾರ ಬಂದ ರೋಗಿಗಳಲ್ಲಿ ಹೆಚ್ಚಿನವರು ವೈಂಡಿಂಗ್ ಸೆಕ್ಷನ್ನಿನವರೇ.

ಗಂಗಾಳ ಮುಟ್ಟು ಏಪ್ರಿಲ್ ಹೊತ್ತಿಗೆ ಮರಳಿತು. ದವಡೆಯ ಕೂದಲು ತೆಳುವಾಯಿತು. ಧ್ವನಿ ಹಾಗೆಯೇ ಉಳಿಯಿತು. ನಿಶ್ಚಯವಾಗಿದ್ದ ಒಂದು ಸಂಬಂಧ ಮುರಿದುಬಿತ್ತು. "ಹೋಗ್ಲಿ ಬಿಡಿ, ಧ್ವನಿಗೇ ಹೆದರೋನು ಮುಂದೆ ಏನಕ್ಕೆ ತಾನೇ ಹೆದರ್ತಿರ್ಲಿಲ್ಲ?" ಎಂದು ನನ್ನ ಕ್ಲಿನಿಕ್ಕಿನಲ್ಲಿ ಕೂತು ನಕ್ಕಳು. ಅವಳಿಗೆ ಆದ ನಷ್ಟದಲ್ಲಿ ನನ್ನದೊಂದು ಪಾಲಿತ್ತು, ಅದಕ್ಕೆ ಸಮಾಧಾನದ ಮಾತು ನನ್ನ ಬಾಯಲ್ಲಿ ಒಪ್ಪುತ್ತಿರಲಿಲ್ಲ. ಮರುವರ್ಷ ತಂಡ ಮೊಟ್ಟೆ ಹುರುಳಿ ತಿಂದು ಆಡಿ ಕ್ವಾರ್ಟರ್ ಫೈನಲ್ಲಿನಲ್ಲಿ ಸೋತಿತು. ಅದರ ಮರುವರ್ಷವೂ ಸೋತಿತು. ಹಿಮೋಗ್ಲೋಬಿನ್ ಮಾತ್ರ ಎಲ್ಲರದ್ದೂ ಹನ್ನೊಂದು ದಾಟಿತ್ತು, ಮೂವರದ್ದು ಹನ್ನೆರಡು. ಅದನ್ನು ಅವರು ತಮ್ಮ ಸೆಕ್ಷನ್ನಿನ ಗೋಡೆಯ ಮೇಲೆ ಬರೆದು ಅಂಟಿಸಿದ್ದರಂತೆ.

ಬಲ ಬೇಕು ಎಂದು ಬರುವ ಹೆಣ್ಣುಮಗಳನ್ನು ನಾನು ಆಮೇಲೆ ಎಂದೂ ಅನುಮಾನದಿಂದ ನೋಡಿಲ್ಲ. ಅವಳಿಗೆ ಊಟ ಕೊಡದೆ ಪುಡಿ ಕೊಡುವವರನ್ನು ನೋಡಿದ್ದೇನೆ. ಆದರೆ ಈ ಪ್ರಕರಣ ನನಗೆ ಕಲಿಸಿದ್ದು ಔಷಧಿಯ ಪಾಠಕ್ಕಿಂತ ದೊಡ್ಡದು. ಆ ದಿನ ಗಂಗಾ ಮಂಚದ ಮೇಲೆ ಮಲಗಲು ಒಪ್ಪಿದ್ದರೆ ನಾನು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಫೈನಲ್ ನಡೆಯುತ್ತಿತ್ತು, ಕಪ್ ಬರುತ್ತಿತ್ತು, ನನ್ನ ಕೆಲಸವೂ ಉಳಿಯುತ್ತಿತ್ತು. ಮುಂದಿನ ವರ್ಷ ಇನ್ನು ಹನ್ನೆರಡು ಹುಡುಗಿಯರು ಅದನ್ನೇ ತಿನ್ನುತ್ತಿದ್ದರು. ರೋಗಿ ಒಲ್ಲೆ ಎಂದಾಗ ವೈದ್ಯರಿಗೆ ಸಿಟ್ಟು ಬರುವುದು ಸಹಜ. ನನಗೂ ಆ ಕ್ಷಣ ಬಂದಿತ್ತು. ಆದರೆ ಅವಳು ಒಲ್ಲೆ ಎಂದದ್ದರಿಂದಲೇ ನಾನು ನಿಜ ಬರೆದೆ.